ಒಂದನೇ ಅಲಿ ಆದಿಲ್ ಶಾ ಮತ್ತು ಕಠಾರಿ ಹಿಡಿಯ ಮೇಲಿನ ಸಿಂಹ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಇತಿಹಾಸ ಓದಿದ್ದು ಹತ್ತನೇ ಕ್ಲಾಸಿಗೆ ಮುಗೀತು, ಅದೂ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಈ ಲೇಖನ ಶುರುವಾಗಿದ್ದು ಹಾಸ್ಟೆಲ್ ರೂಮಿನಲ್ಲಿ. ನನ್ನ ರೂಮ್‌ಮೇಟ್‌ಗೆ ಅನಿಮೆ ಹುಚ್ಚು. ಒಂದು ರಾತ್ರಿ ಅವನು ಪಾಜ್ ಮಾಡಿ, ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಇರೋ ದುಂಡನೆಯ ತಟ್ಟೆ ತೋರಿಸಿದ. ಅದಕ್ಕೆ ತ್ಸುಬಾ ಅಂತಾರೆ. ಕೈ ಜಾರಿ ಅಲಗಿನ ಮೇಲೆ ಹೋಗದಂತೆ ತಡೆಯೋದು, ಕತ್ತಿಯ ತೂಕ ಸರಿದೂಗಿಸೋದು ಅದರ ಕೆಲಸ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ತಟ್ಟೆ. ಆದರೆ ಅದರ ಮೇಲೆ ಡ್ರ್ಯಾಗನ್, ಕೊಕ್ಕರೆ, ಬಿದಿರು, ಅಲೆ, ಚಂದ್ರ, ಏನೆಲ್ಲಾ ಕೆತ್ತಿರ್ತಾರೆ. ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿ, ದ್ರಾವಣದಲ್ಲಿ ಕುದಿಸಿ, ನೀಲಿಗಪ್ಪು ಬಣ್ಣ ಬರಿಸೋ ಶಾಕುದೋ ಅನ್ನೋ ಮಿಶ್ರಲೋಹ ಅವರದ್ದು. ನಾನು ಮೆಟೀರಿಯಲ್ ಸೈನ್ಸ್ ಇಂಟರ್ನಲ್ಸ್‌ಗೆ ಓದೋದು ಬಿಟ್ಟು ಎರಡು ದಿನ ಇದನ್ನೇ ನೋಡ್ತಾ ಕೂತೆ.

ಸೆಮ್ ಮುಗಿಸಿ ವಿಜಯಪುರಕ್ಕೆ ಬಂದೆ. ಗಾಂಧಿ ಚೌಕದ ಹತ್ತಿರ ನಮ್ಮ ಮಾಮಾನ ಪಾತ್ರೆ ಅಂಗಡಿ ಇದೆ. ರಜೆಯಲ್ಲಿ ಸಂಜೆ ಹೊತ್ತು ಅಲ್ಲೇ ನನ್ನ ಠಿಕಾಣಿ. ಗಿರಾಕಿ ಇಲ್ಲದಾಗ ಮೊಬೈಲ್ ತೆಗೆದು ಮಾಮಾಗೆ ತ್ಸುಬಾ ಫೋಟೋ ತೋರಿಸಿದೆ. ಮಾಮಾ ಕನ್ನಡಕ ಏರಿಸಿ ನೋಡಿ, ಭಾರಿ ಛಲೋ ಐತಿ ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು. ನಮ್ಮೂರಿನ ಕಠಾರಿ ನ್ಯೂಯಾರ್ಕ್‌ನಾಗ ಕಾಜಿನ ಪೆಟ್ಟಿಗಿಯೊಳಗ ಐತಿ, ಅದನ್ನ ನೋಡೀಯೇನು ಅಂತ. ನಾನು ಇಲ್ಲ ಅಂದೆ. ಅಲಿ ಆದಿಲ್ ಶಾ ಯಾರು ಅಂತ ಕೇಳಿದ್ರು. ಗೋಳಗುಮ್ಮಟ ಕಟ್ಟಿಸಿದವನು ಅಂದೆ. ಮಾಮಾ ನಕ್ಕರು. ಅದು ಮೊಹಮ್ಮದ್ ಆದಿಲ್ ಶಾ. ಹತ್ತೊಂಬತ್ತು ವರ್ಷ ಈ ಊರಿನ ಹುಡುಗ ಅಂತ ಹೇಳಿಕೊಂಡು ತಿರುಗಿದವನಿಗೆ ಅಷ್ಟೂ ಗೊತ್ತಿರಲಿಲ್ಲ. ಆ ನಾಚಿಕೆಯಿಂದ ಓದಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮಿರಜ್ ಕೋಟೆಯ ಹುಡುಗ

ಬಿಜಾಪುರದ ಆದಿಲ್ ಶಾಹಿ ಮನೆತನ ಶುರು ಮಾಡಿದವನು ಯೂಸುಫ್ ಆದಿಲ್ ಖಾನ್, 15ನೇ ಶತಮಾನದ ಕೊನೆಯಲ್ಲಿ. ಬಹಮನಿ ರಾಜ್ಯ ಒಡೆದು ಐದು ತುಂಡಾದಾಗ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್, ಬೇರಾರ್ ಅಂತ ಐದು ರಾಜ್ಯಗಳಾದವು. ದಕ್ಷಿಣಕ್ಕೆ ವಿಜಯನಗರ. ಈ ಆರು ಜನರಲ್ಲಿ ಯಾರು ಯಾರ ಕಡೆ ಅನ್ನೋದು ವರ್ಷಕ್ಕೊಮ್ಮೆ ಬದಲಾಗ್ತಿತ್ತು. ಧರ್ಮ ನೋಡಿ ಪಕ್ಷ ಕಟ್ಟುತ್ತಿದ್ದರು ಅಂತ ನಾವು ಅಂದುಕೊಳ್ತೀವಿ. ನಿಜವಾಗಿ ಯಾವ ಕೋಟೆ ಯಾರ ಕೈಯಲ್ಲಿದೆ ಅನ್ನೋದೇ ದೊಡ್ಡ ಲೆಕ್ಕ.

ನಮ್ಮ ಅಲಿ, ಒಂದನೇ ಇಬ್ರಾಹಿಂ ಆದಿಲ್ ಶಾನ ಮಗ. ತಂದೆ ಸುನ್ನಿ ಪಂಥ ಹಿಡಿದವನು, ಅಜ್ಜಂದಿರು ಶಿಯಾ. ಫೆರಿಶ್ತಾ ಅನ್ನೋ ಇತಿಹಾಸಕಾರ (ಆಮೇಲೆ ಇದೇ ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದವನು) ಒಂದು ಘಟನೆ ಹೇಳ್ತಾನೆ. ತಂದೆ ಒಂದು ದಿನ ತಾನು ಅಪ್ಪ, ಅಜ್ಜನ ಪಂಥ ಬಿಟ್ಟು ಬಂದಿದ್ದಕ್ಕೆ ದೇವರಿಗೆ ಧನ್ಯವಾದ ಹೇಳಿದನಂತೆ. ಹುಡುಗ ಅಲಿ ತಟ್ಟನೆ, ಅಪ್ಪನ ದಾರಿ ಬಿಡೋದು ಅಷ್ಟು ಒಳ್ಳೆಯದಾದರೆ ಮಕ್ಕಳೆಲ್ಲಾ ಅದನ್ನೇ ಮಾಡಬೇಕಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಪಾಯಿಂಟ್ ಇತ್ತು, ಆದರೆ ರಾಜನಿಗೆ ಹೇಳೋ ಮಾತಲ್ಲ. ತಂದೆಗೆ ಸಿಟ್ಟು ನೆತ್ತಿಗೇರಿ ಮಗನನ್ನು ಗುರುವಿನ ಜೊತೆ ಮಿರಜ್ ಕೋಟೆಗೆ ಕಳಿಸಿ ಕಾವಲಲ್ಲಿ ಇಟ್ಟ. 1558ರಲ್ಲಿ ತಂದೆ ಸತ್ತಾಗ ಅಲಿ ಅಲ್ಲಿಂದಲೇ ಬಂದು ಪಟ್ಟ ಏರಿದ. ಏರಿದ ಕೂಡಲೇ ಶಿಯಾ ಪಂಥವನ್ನು ವಾಪಸ್ ತಂದ.

ಇಲ್ಲೊಂದು ಕಾಕತಾಳೀಯ. ಜಪಾನಿನ ಕ್ಯೋಟೋದಲ್ಲಿ ಉಮೆತಾದಾ ಮ್ಯೋಜು ಅನ್ನೋ ಕುಶಲಕರ್ಮಿ ಹುಟ್ಟಿದ್ದೂ 1558ರಲ್ಲೇ. ತ್ಸುಬಾ ಮೇಲೆ ಬಣ್ಣಬಣ್ಣದ ಲೋಹ ಕೂರಿಸಿ ಎಲೆ, ಬಳ್ಳಿ ಬಿಡಿಸಿ ಹೆಸರು ಮಾಡಿದವನು ಅವನು. ಅಲ್ಲಿ ಸಮುರಾಯ್‌ಗಳ ಗದ್ದಲ, ಇಲ್ಲಿ ಸುಲ್ತಾನರ ಗದ್ದಲ. ಎರಡೂ ಕಡೆ ಯುದ್ಧ ಜಾಸ್ತಿ ಆದಷ್ಟೂ ಆಯುಧದ ಮೇಲಿನ ಅಲಂಕಾರವೂ ಜಾಸ್ತಿ ಆಯ್ತು. ಯಾಕೆ ಅಂತ ಮೊದಲು ನನಗೆ ಅರ್ಥ ಆಗಲಿಲ್ಲ. ಯುದ್ಧಕ್ಕೆ ಬೇಕಾಗಿದ್ದು ಚೂಪು ಅಲ್ವಾ, ಚಂದ ಯಾಕೆ?

ತಾಯಿಯೂ ತಾಯಿಯಲ್ಲದ ತಾಯಿಯೂ

ಪಟ್ಟಕ್ಕೆ ಬಂದ ಅಲಿಗೆ ಅಹಮದ್‌ನಗರದ ಹುಸೇನ್ ನಿಜಾಮ್ ಶಾ ಹತ್ತಿರ ಕಳಕೊಂಡ ಸೊಲ್ಲಾಪುರ, ಕಲ್ಯಾಣ ಕೋಟೆಗಳು ವಾಪಸ್ ಬೇಕಿತ್ತು. ಒಬ್ಬನೇ ಗೆಲ್ಲೋಕೆ ಆಗಲ್ಲ. ಅದಕ್ಕೆ ವಿಜಯನಗರದ ಅಳಿಯ ರಾಮರಾಯನ ಸ್ನೇಹ ಬೇಕು. ಅದೇ ಹೊತ್ತಿಗೆ ರಾಮರಾಯನ ಒಬ್ಬ ಮಗ ತೀರಿಕೊಂಡ. ಅಲಿ ಒಂದು ಭಾರಿ ರಿಸ್ಕ್ ತಗೊಂಡ. ಸುಮಾರು ನೂರು ಕುದುರೆ ಸವಾರರನ್ನು ಮಾತ್ರ ಕರಕೊಂಡು ನೇರ ವಿಜಯನಗರಕ್ಕೆ ಹೋಗಿ, ಮಗನನ್ನು ಕಳಕೊಂಡ ತಂದೆ ತಾಯಿಗೆ ಸಮಾಧಾನ ಹೇಳಿದ. ಶತ್ರು ರಾಜ್ಯದ ರಾಜಧಾನಿಯೊಳಗೆ ನೂರು ಜನ! ರಾಮರಾಯ ಮರ್ಯಾದೆಯಿಂದ ಬರಮಾಡಿಕೊಂಡ. ಅವನ ಹೆಂಡತಿ ಅಲಿಯನ್ನು ತನ್ನ ಮಗ ಅಂತ ಕರೆದಳು.

ನಾನು ಇದನ್ನು ಓದಿ ಸುಮ್ಮನೆ ಕೂತೆ. ಶಾಲೆಯ ಪುಸ್ತಕದಲ್ಲಿ ತಾಳಿಕೋಟೆ ಯುದ್ಧಕ್ಕೆ ಎರಡು ಪ್ಯಾರಾ ಇತ್ತು, ಈ ತಾಯಿ ಮಗನ ಕಥೆ ಇರಲೇ ಇಲ್ಲ.

ಆದರೆ ಹೊರಡುವ ದಿನ ರಾಮರಾಯ ಊರ ಹೊರಗಿನ ತನಕ ಬಂದು ಬೀಳ್ಕೊಡಲಿಲ್ಲ. ಅಲಿಗೆ ಅದು ಅವಮಾನ ಅನ್ನಿಸಿತು, ಮನಸ್ಸಿನಲ್ಲಿ ಇಟ್ಟುಕೊಂಡ ಅಂತ ಫೆರಿಶ್ತಾ ಬರೀತಾನೆ. ನಮ್ಮ ಕಡೆ ಇವತ್ತಿಗೂ ಬೀಗರು ಬಂದರೆ ಬಾಗಿಲ ತನಕ ಅಲ್ಲ, ಗಾಡಿ ತನಕ ಹೋಗಿ ಕಳಿಸಿ ಬರಬೇಕು. ಇಲ್ಲಾಂದ್ರೆ ಹತ್ತು ವರ್ಷ ಅದೇ ಮಾತು. ರಾಜ್ಯಗಳ ನಡುವೆಯೂ ಹಾಗೇ ಇತ್ತು ಅಂತ ಕಾಣುತ್ತೆ.

ಮುಂದಿನ ಎರಡು ಮೂರು ವರ್ಷ ಬಿಜಾಪುರ, ವಿಜಯನಗರ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದವು. ಹುಸೇನ್ ಸೋತು ಕಲ್ಯಾಣ ಕೋಟೆ ಬಿಟ್ಟುಕೊಟ್ಟ. ಆದರೆ ಗೆದ್ದಮೇಲೆ ರಾಮರಾಯನ ಬಲ ಬೆಳೆಯಿತು, ಅಲಿಯ ಭಯವೂ ಬೆಳೆಯಿತು. ಇವತ್ತು ಅಹಮದ್‌ನಗರ, ನಾಳೆ ನಾನೇ ಅಂತ. 1564ರಲ್ಲಿ ಅಲಿ ತಿರುಗಿಬಿದ್ದ. ಹಳೆಯ ಶತ್ರು ಹುಸೇನ್ ಜೊತೆ ಸಂಬಂಧ ಬೆಳೆಸಿದ. ಹುಸೇನನ ಮಗಳು ಚಾಂದ್ ಬೀಬಿ ಅಲಿಯ ಹೆಂಡತಿಯಾಗಿ ಬಂದಳು, ಸೊಲ್ಲಾಪುರ ಕೋಟೆ ಅವಳ ಜೊತೆ ಬಂತು. ಅಲಿಯ ತಂಗಿ ಹುಸೇನನ ಮಗನಿಗೆ ಹೋದಳು. ಆಮೇಲೆ ಅಲಿ ರಾಮರಾಯನಿಗೆ ದೂತನನ್ನು ಕಳಿಸಿ ರಾಯಚೂರು, ಮುದಗಲ್ಲು, ಯಾದಗಿರಿ, ಬಾಗಲಕೋಟೆ ವಾಪಸ್ ಕೊಡು ಅಂದ. ರಾಮರಾಯ ದೂತನನ್ನು ಓಡಿಸಿದ. ಬೇಕಾಗಿದ್ದ ನೆಪ ಸಿಕ್ಕಿತು.

1565ರ ಜನವರಿ 23. ನಮ್ಮದೇ ಜಿಲ್ಲೆಯ ತಾಳಿಕೋಟೆ ಅಂತ ಹೆಸರಾದ ಯುದ್ಧ. ಕೃಷ್ಣಾ ದಂಡೆಯ ರಕ್ಕಸಗಿ, ತಂಗಡಗಿ ಊರುಗಳ ಹೆಸರಲ್ಲೂ ಕರೀತಾರೆ. ರಾಮರಾಯ ಸಿಕ್ಕಿಬಿದ್ದ, ಹುಸೇನ್ ಅವನ ತಲೆ ತೆಗೆಸಿದ. ಹಂಪಿ ಹಾಳಾಯಿತು. ತನ್ನನ್ನು ಮಗ ಅಂದವಳ ಗಂಡನನ್ನು ಕೊಂದ ಪಡೆಯಲ್ಲಿ ಅಲಿಯೂ ಇದ್ದ.

ನ್ಯೂಯಾರ್ಕಿನ ಕಠಾರಿ

ಈಗ ಮಾಮಾ ಹೇಳಿದ ಕಠಾರಿಗೆ ಬರೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅದು ಇದೆ. ಬಿಜಾಪುರ ಅಥವಾ ಗೋಲ್ಕೊಂಡದ್ದು, 16ನೇ ಶತಮಾನದ ಎರಡನೇ ಅರ್ಧದ್ದು ಅಂತ ಅವರು ಬರೆದಿದ್ದಾರೆ. ಅಂದ್ರೆ ಅಲಿ ಆಳುತ್ತಿದ್ದ ಕಾಲ. ಉದ್ದ ಸುಮಾರು 40 ಸೆಂಟಿಮೀಟರ್. ಅಲಗು ಉಕ್ಕಿನದ್ದು, ಹಿಡಿ ತಾಮ್ರದ್ದು, ಅದರ ಮೇಲೆ ಚಿನ್ನದ ಲೇಪ, ನಡುನಡುವೆ ಕೆಂಪು ಮಾಣಿಕ್ಯ.

ಹಿಡಿಯ ಆಕಾರ ನೋಡಿದರೆ ತಲೆ ತಿರುಗುತ್ತೆ. ಅದು ಹಿಡಿಯ ಮೇಲೆ ಕೆತ್ತಿದ ಪ್ರಾಣಿಗಳಲ್ಲ, ಪ್ರಾಣಿಗಳೇ ಸೇರಿ ಹಿಡಿಯಾಗಿವೆ. ಒಂದು ಡ್ರ್ಯಾಗನ್, ಅದರ ಬಾಲ ಹಿಡಿಗೆ ಸುತ್ತಿಕೊಂಡಿದೆ. ಅದು ಒಂದು ಸಿಂಹದ ಮೇಲೆ ಬಿದ್ದಿದೆ. ಆ ಸಿಂಹ ಒಂದು ಜಿಂಕೆಯ ಮೇಲೆ ಬಿದ್ದಿದೆ. ಇದೇ ಜಾತಿಯ ಹಿಡಿ ಇರೋ ಕಠಾರಿ ಸೊಂಟಕ್ಕೆ ಸಿಕ್ಕಿಸಿಕೊಂಡ ಅಲಿಯ ಹಳೆಯ ಚಿತ್ರವೂ ಇದೆ.

ಮಾಡೋ ವಿಧಾನ ನಮ್ಮ ಫೌಂಡ್ರಿ ಲ್ಯಾಬಿನ ಮುಂದುವರಿದ ಭಾಗ ಅಂದುಕೊಳ್ಳಿ. ಇಂಥ ಆಕಾರಕ್ಕೆ ಎರಡು ಪೆಟ್ಟಿಗೆಯ ಮರಳಿನ ಅಚ್ಚು ಸಾಲದು, ಪ್ಯಾಟರ್ನ್ ಹೊರಗೆ ತೆಗೆಯೋಕೇ ಬರಲ್ಲ. ಬಾಲದ ಸುತ್ತು, ಹಲ್ಲಿನ ಸಂದಿ, ಎಲ್ಲಾ ಅಂಡರ್‌ಕಟ್. ಅದಕ್ಕೆ ಮೇಣದ ದಾರಿ. ಮೊದಲು ಮೇಣದಲ್ಲಿ ಪ್ರಾಣಿ ಮಾಡೋದು, ಮೇಲೆ ನಯವಾದ ಮಣ್ಣು ಮೆತ್ತೋದು, ಕಾಯಿಸಿದಾಗ ಮೇಣ ಕರಗಿ ಹರಿದು ಹೋಗುತ್ತೆ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯೋದು. ಶುದ್ಧ ತಾಮ್ರ ಕರಗೋದು 1085 ಡಿಗ್ರಿ ಸೆಲ್ಸಿಯಸ್‌ಗೆ. ಥರ್ಮೋಕಪಲ್ ಇಲ್ಲ, ಉರಿಯ ಬಣ್ಣ ನೋಡಿಯೇ ಹದ ತಿಳೀಬೇಕು. ಅಚ್ಚು ಒಡೆದು ತೆಗೆದ ಮೇಲೆ ಸಣ್ಣ ಉಳಿಯಿಂದ ಕೂದಲು, ಹುರುಪೆ, ಕಣ್ಣು ತಿದ್ದೋದು. ಚಿನ್ನದ ಲೇಪಕ್ಕೆ ಹಳೆಯ ಕಾಲದಲ್ಲಿ ಎಲ್ಲಾ ಕಡೆ ನಡೀತಿದ್ದ ಉಪಾಯ ಪಾದರಸ. ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಕಾಯಿಸಿದರೆ ಪಾದರಸ ಹಾರಿಹೋಗುತ್ತೆ, ಚಿನ್ನ ಅಂಟಿಕೊಳ್ಳುತ್ತೆ. ಆ ಹೊಗೆ ಕುಡಿದ ಕೆಲಸಗಾರರ ಗತಿ ಏನಾಗಿರಬೇಕು ಅಂತ ಯಾವ ಆಸ್ಥಾನದವನೂ ಬರೆದಿಟ್ಟಿಲ್ಲ.

ಅಲಗಿನ ವಿಷಯಕ್ಕೆ ಬಂದರೆ, ಆ ಕಾಲದಲ್ಲಿ ದಖನ್ನಿನ ಉಕ್ಕಿಗೆ ಪರ್ಷಿಯಾ ತನಕ ಬೇಡಿಕೆ ಇತ್ತು. ಮೂಸೆಯಲ್ಲಿ ಕಬ್ಬಿಣಕ್ಕೆ ಇದ್ದಿಲು, ಎಲೆ ಸೇರಿಸಿ ಮುಚ್ಚಿ ಕರಗಿಸಿ ನಿಧಾನಕ್ಕೆ ಆರಿಸೋದು. ಕಾರ್ಬನ್ ಸುಮಾರು ಒಂದೂವರೆ ಪರ್ಸೆಂಟ್. ಬಡಿದು ಹದ ಮಾಡಿದರೆ ಮೇಲ್ಮೈಯಲ್ಲಿ ನೀರಿನ ಅಲೆ ಥರ ಗೆರೆ ಮೂಡುತ್ತೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ವೂಟ್ಜ್ ಅಂತ ಹೆಸರು. ಆ ಪದ ನಮ್ಮ ಉಕ್ಕು ಅನ್ನೋದರಿಂದಲೇ ಬಂದದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಮೆಟಲರ್ಜಿ ಕ್ಲಾಸಿನಲ್ಲಿ ವೂಟ್ಜ್ ಅಂತ ಬರ್ಕೊಂಡಿದ್ದೆ, ಅದು ನಮ್ಮಜ್ಜಿ ದಿನಾ ಆಡೋ ಮಾತು ಅಂತ ಹೊಳೆದಿರಲಿಲ್ಲ.

ಜಪಾನಿನ ಶಾಕುದೋಗೂ ನಮ್ಮಲ್ಲಿ ಒಬ್ಬ ಅಣ್ಣ ಇದ್ದಾನೆ, ಬೀದರಿನ ಬಿದ್ರಿ ಕೆಲಸ. ಇಲ್ಲಿ ಮುಖ್ಯ ಲೋಹ ಸತು, ಸ್ವಲ್ಪ ತಾಮ್ರ. ಬೆಳ್ಳಿ ತಂತಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಉಜ್ಜಿದರೆ ಮೈ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಲೋಹ ಬೇರೆ, ರಸಾಯನ ಬೇರೆ. ಆದರೆ ಕಪ್ಪು ಮೈಯ ಮೇಲೆ ಬೆಳಕಿನ ಗೆರೆ ಅನ್ನೋ ಯೋಚನೆ ಒಂದೇ. 1876ರಲ್ಲಿ ಜಪಾನ್ ಸರ್ಕಾರ ಕತ್ತಿ ಕಟ್ಟಿಕೊಂಡು ತಿರುಗೋದನ್ನು ನಿಷೇಧ ಮಾಡಿದಾಗ ತ್ಸುಬಾ ಮಾಡೋರು ಹೂದಾನಿ, ಡಬ್ಬಿ, ಆಭರಣದ ಕಡೆ ತಿರುಗಿದರು. ಬಿದ್ರಿಯವರೂ ಇವತ್ತು ಹೂದಾನಿ, ಪೆನ್‌ಡ್ರೈವ್ ಮಾಡ್ತಾರೆ.

ಸಿಂಹ ಯಾಕೆ, ಆನೆ ಯಾಕೆ

ಈ ಒಬ್ಬರನ್ನೊಬ್ಬರು ತಿನ್ನೋ ಪ್ರಾಣಿಗಳು ನಮ್ಮೂರಿನಲ್ಲಿ ಇನ್ನೊಂದು ಕಡೆ ಇವೆ. ಮಲಿಕ್-ಎ-ಮೈದಾನ್ ತೋಪು. ಚಿಕ್ಕಂದಿನಲ್ಲಿ ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಸುಮಾರು 55 ಟನ್ ತೂಕದ ಕಂಚಿನ ತೋಪು, ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಅನ್ನೋ ಎರಕದವನು ಹೊಯ್ದದ್ದು. ಬಿಜಾಪುರಕ್ಕೆ ಬಂದದ್ದು 1632ರಲ್ಲಿ, ಅಲಿ ಸತ್ತು ಅರ್ಧ ಶತಮಾನ ಆದಮೇಲೆ. ತಾಳಿಕೋಟೆಯಲ್ಲಿ ಇದರಿಂದ ತಾಮ್ರದ ನಾಣ್ಯ ತುಂಬಿ ಹೊಡೆದರು ಅಂತ ಊರಿನವರು ಹೇಳ್ತಾರೆ. ಮುಂದಿನ ಸಲ ಹೋದಾಗ ಅದರ ಬಾಯಿ ಸರಿಯಾಗಿ ನೋಡಿ. ಸಿಂಹದ ಬಾಯಿ ತೆರೆದಿದೆ, ಹಲ್ಲಿನ ನಡುವೆ ಒಂದು ಆನೆ ನುಜ್ಜುಗುಜ್ಜಾಗ್ತಿದೆ.

ಸಿಂಹ ಆನೆಯನ್ನು ಸೀಳೋದು ನಮ್ಮ ಹೊಸ ಕಲ್ಪನೆ ಅಲ್ಲ. ಹಳೆಯ ಗುಡಿಗಳ ಕಲ್ಲಿನಲ್ಲೂ ಇದೆ, ದಖನ್ನಿನ ಕೋಟೆ ಬಾಗಿಲುಗಳ ಮೇಲೂ ಇದೆ. ಎರಡು ತಲೆಯ ಗಂಡಭೇರುಂಡ ಕೊಕ್ಕು, ಕಾಲಲ್ಲಿ ಆನೆಗಳನ್ನು ಎತ್ತಿಕೊಂಡಿರೋ ಚಿತ್ರ ವಿಜಯನಗರದ ನಾಣ್ಯದ ಮೇಲೂ ಇದೆ. ಅಂದ್ರೆ ಯುದ್ಧಭೂಮಿಯಲ್ಲಿ ಎದುರುಬದುರು ನಿಂತವರು ಒಂದೇ ಚಿತ್ರ ಬಳಸ್ತಿದ್ದರು. ಇಬ್ಬರೂ ತಾನೇ ಸಿಂಹ, ಎದುರಿನವನೇ ಆನೆ ಅಂದುಕೊಂಡಿದ್ದರು, ಅಷ್ಟೇ ವ್ಯತ್ಯಾಸ. ಚೂಪು ಇದ್ದರೆ ಸಾಲದಾ, ಚಂದ ಯಾಕೆ ಅಂತ ಕೇಳಿದ್ದೆನಲ್ಲ, ಉತ್ತರ ಇದೇ ಇರಬೇಕು. ಅಲಗು ಒಮ್ಮೊಮ್ಮೆ ಮಾತ್ರ ಹೊರಗೆ ಬರುತ್ತೆ. ಹಿಡಿ ದಿನಾ ಎಲ್ಲರಿಗೂ ಕಾಣುತ್ತೆ. ಕೆಲಸ ಮಾಡೋದು ಅಲಗು, ಹೆದರಿಸೋದು ಹಿಡಿ.

ಗೋಡೆ, ಬಾವಿ, ಪುಸ್ತಕ

ತಾಳಿಕೋಟೆಯ ಮೇಲೆ ಅಲಿಯ ಕೈಗೆ ದುಡ್ಡು ಬಂತು. ಗಾಂಧಿ ಚೌಕದಿಂದ ಗಗನ ಮಹಲಿಗೆ ನಡ್ಕೊಂಡೇ ಹೋಗಬಹುದು. ಅದು 1561ರ ಸುಮಾರಿಗೆ ಅವನು ಕಟ್ಟಿಸಿದ್ದು. ನಡುವಿನ ಕಮಾನಿನ ಅಗಲ ಸುಮಾರು 60 ಅಡಿ. ಸ್ಟೀಲ್ ಇಲ್ಲ, ಕಾಂಕ್ರೀಟ್ ಇಲ್ಲ, ಬರೀ ಕಲ್ಲು ಗಾರೆ. ಸಿವಿಲ್ ಫ್ರೆಂಡ್ಸ್, ಒಮ್ಮೆ ಥ್ರಸ್ಟ್ ಲೈನ್ ಹಾಕಿ ನೋಡಿ. ಊರ ಸುತ್ತ ಸುಮಾರು 10 ಕಿಲೋಮೀಟರ್ ಕೋಟೆ ಗೋಡೆ ಮುಗಿದದ್ದು 1565ರಲ್ಲಿ. ಜಾಮಿ ಮಸೀದಿ ಶುರು ಮಾಡಿದವನೂ ಅವನೇ, ಅದು ಪೂರ್ತಿ ಮುಗಿಯಲೇ ಇಲ್ಲ. 1579ರಲ್ಲಿ ಹೆಂಡತಿಯ ಹೆಸರಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ಮುಂದೆ 1620ರಲ್ಲಿ ಕಟ್ಟಿದ ತಾಜ್ ಬಾವಡಿಗೆ ಇದೇ ಮಾದರಿ. ಬರಗಾಲದ ಊರಿನಲ್ಲಿ ಹೆಂಡತಿಗೆ ಬಾವಿ ಕೊಟ್ಟವನು, ನನಗಂತೂ ಇಷ್ಟ ಆಯ್ತು.

ಅವನಿಗೆ ಪುಸ್ತಕದ ಹುಚ್ಚು ಬೇರೆ. ಅವನ ಗ್ರಂಥಾಲಯದಲ್ಲಿ ಬರೆಯೋರು, ಚಿನ್ನದ ಬಣ್ಣ ಹಾಕೋರು, ಹೊಲಿಗೆ ಹಾಕೋರು ಸೇರಿ ಸುಮಾರು 60 ಜನ ಕೆಲಸಕ್ಕಿದ್ದರು. ದಂಡು ಹೊರಟರೂ ಪೆಟ್ಟಿಗೆಗಟ್ಟಲೆ ಪುಸ್ತಕ ಜೊತೆಗೆ ಹೋಗ್ತಿತ್ತಂತೆ. 1570ರಲ್ಲಿ ಅವನ ಸೈನ್ಯ ಪೋರ್ಚುಗೀಸರ ಗೋವಾಕ್ಕೆ ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ಕೂತರೂ ಗೋವಾ ಸಿಗಲಿಲ್ಲ. ಅದೇ ಹೊತ್ತಿಗೆ ಬಿಜಾಪುರದಲ್ಲಿ ನುಜೂಮ್ ಅಲ್-ಉಲೂಮ್ ಅನ್ನೋ ಚಿತ್ರಗಳ ದೊಡ್ಡ ಹಸ್ತಪ್ರತಿ ತಯಾರಾಗ್ತಿತ್ತು. ನಕ್ಷತ್ರ, ಮಂತ್ರ, ಆನೆ, ಕುದುರೆ, ಆಯುಧ, ಎಲ್ಲದರ ವಿಷಯವೂ ಅದರಲ್ಲಿದೆ. ಸಂಸ್ಕೃತದ ಜ್ಞಾನ, ಪರ್ಷಿಯಾದ ಜ್ಞಾನ ಎರಡೂ ಅಲ್ಲಿ ಸೇರಿವೆ. ಬರೆದವನು ಅಲಿಯೇ ಇರಬೇಕು ಅಂತ ಇತ್ತೀಚಿನ ಸಂಶೋಧಕರೊಬ್ಬರ ವಾದ. ಈಗ ಅದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಕಠಾರಿ ನ್ಯೂಯಾರ್ಕಿನಲ್ಲಿ, ಪುಸ್ತಕ ಡಬ್ಲಿನ್ನಿನಲ್ಲಿ, ಅಲಿ ಮಾತ್ರ ಇಲ್ಲೇ.

ಆ ಪುಸ್ತಕದಲ್ಲಿ ಆಯುಧ ಅನ್ನೋದು ಬರೀ ಕಬ್ಬಿಣ ಅಲ್ಲ. ಅದಕ್ಕೆ ಒಳ್ಳೆಯ ಗಳಿಗೆ ಬೇಕು, ಸರಿಯಾದ ಗುರುತು ಬೇಕು, ಕಾಯೋ ಶಕ್ತಿ ಬೇಕು. ಹಿಡಿಯ ಮೇಲಿನ ಸಿಂಹ ಶೋಕಿಗೆ ಮಾತ್ರ ಇದ್ದದ್ದಲ್ಲ. ಕಟ್ಟಿಕೊಂಡವನನ್ನು ಅದು ಕಾಯುತ್ತೆ ಅಂತ ನಂಬಿಕೆ ಇತ್ತು. ನಾವು ಹೊಸ ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟೋದು ನೆನಪಾಯಿತು.

ಚಾಕು

1580ರ ಏಪ್ರಿಲ್. ಅಲಿಗೆ ಗಂಡು ಸಂತಾನ ಇರಲಿಲ್ಲ, ತಮ್ಮನ ಮಗ ಇಬ್ರಾಹಿಂನನ್ನು ಉತ್ತರಾಧಿಕಾರಿ ಅಂತ ಮಾಡಿದ್ದ. ಆ ಹೊತ್ತಿಗೆ ಬೀದರಿನಿಂದ ಅಂತಃಪುರದ ಸೇವಕರಿಬ್ಬರನ್ನು ಅವನು ಕರೆಸಿಕೊಂಡ. ಅವರಾಗಿ ಬಂದವರಲ್ಲ. ಬೀದರಿನ ಅರಸನಿಗೆ ದಂಡಿನ ಸಹಾಯ ಬೇಕಿತ್ತು, ಅದರ ಬದಲಿಗೆ ಈ ಇಬ್ಬರನ್ನು ವಸ್ತುವಿನ ಹಾಗೆ ಕಳಿಸಿಕೊಟ್ಟ. ಒಂದು ರಾತ್ರಿ ಅಲಿ ಅವರಲ್ಲಿ ದೊಡ್ಡವನನ್ನು ಏಕಾಂತಕ್ಕೆ ಕರೆಸಿ, ಅವನ ಮಾನಕ್ಕೆ ಕೈ ಹಾಕಿದ. ಅವನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ ಚಾಕುವಿನಿಂದ ಅಲಿಯನ್ನು ಇರಿದು ಕೊಂದ.

ಇದನ್ನು ಬರೆಯೋದಾ ಬಿಡೋದಾ ಅಂತ ಎರಡು ದಿನ ಯೋಚನೆ ಮಾಡಿದೆ. ಕೆಲವು ಕಡೆ ಇದನ್ನು ಬರೀ ಕೊಲೆ ಅಂತ ಬರೆದು ಮುಂದೆ ಹೋಗ್ತಾರೆ. ಆದರೆ ಕಾರಣ ಬಿಟ್ಟರೆ ಆ ಸೇವಕನಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ ಅನ್ನಿಸ್ತು. ಬಾವಿ ಕಟ್ಟಿಸಿದವನೂ ಅಲಿಯೇ, ಪುಸ್ತಕ ಬರೆಸಿದವನೂ ಅಲಿಯೇ, ಈ ರಾತ್ರಿಯವನೂ ಅಲಿಯೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸೋಕೆ ಬರಲ್ಲ.

ಆ ಹಿಡಿ ಮತ್ತೆ ನೆನಪಿಗೆ ಬರುತ್ತೆ. ಡ್ರ್ಯಾಗನ್ ಸಿಂಹವನ್ನು, ಸಿಂಹ ಜಿಂಕೆಯನ್ನು. ಅಹಮದ್‌ನಗರಕ್ಕೆ ವಿಜಯನಗರ, ವಿಜಯನಗರಕ್ಕೆ ಬಿಜಾಪುರ, ಆಮೇಲೆ 1686ರಲ್ಲಿ ಬಿಜಾಪುರಕ್ಕೆ ಔರಂಗಜೇಬ್. ಈ ಸರಪಳಿಯನ್ನು ಆ ಕಾಲದ ಅಕ್ಕಸಾಲಿ ಎಷ್ಟು ಸರಿಯಾಗಿ ತಿಳಕೊಂಡಿದ್ದ! ಒಂದು ಮಾತ್ರ ಅವನು ಎಣಿಸಿರಲಿಲ್ಲ. ಕೆಳಗಿರೋ ಜಿಂಕೆ ಒಂದು ದಿನ ತಿರುಗಿ ಇರಿಯಬಹುದು ಅಂತ. ಅದೂ ಚಿನ್ನ, ಮಾಣಿಕ್ಯ ಇಲ್ಲದ, ಸಿಂಹ ಇಲ್ಲದ ಒಂದು ಚಾಕುವಿನಿಂದ.

ಅಲಿ ಸತ್ತಾಗ ಇಬ್ರಾಹಿಂ ಒಂಬತ್ತು ವರ್ಷದ ಹುಡುಗ. ಚಾಂದ್ ಬೀಬಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. ಮುಂದೆ 1595-96ರಲ್ಲಿ ತವರು ಅಹಮದ್‌ನಗರದ ಕೋಟೆಯಲ್ಲಿ ನಿಂತು ಮೊಗಲರನ್ನು ಎದುರಿಸಿದವಳೂ ಅವಳೇ. ಆ ಹುಡುಗ ಇಬ್ರಾಹಿಂ ಬೆಳೆದು ಸಂಗೀತ, ಕಾವ್ಯದಲ್ಲಿ ಹೆಸರು ಮಾಡಿದ. ಅವನಿಗೆ ಇಬ್ರಾಹಿಂ ರೋಜಾ ಇದೆ, ಅವನ ಮಗನಿಗೆ ಗೋಳಗುಮ್ಮಟ ಇದೆ. ಇಬ್ಬರಿಗೂ ಟಿಕೆಟ್ ತಗೊಂಡು ಜನ ಬರ್ತಾರೆ.

ರಜೆ ಮುಗಿಯೋ ಹಿಂದಿನ ದಿನ ಗಾಂಧಿ ಚೌಕದಿಂದ ಆಟೋ ಹಿಡಿದು ಅಲಿ ರೋಜಾ ಅಂದೆ. ಡ್ರೈವರ್ ಇಬ್ರಾಹಿಂ ರೋಜಾ ಏನ್ರೀ ಅಂತ ಎರಡು ಸಲ ಕೇಳಿದರು. ಅಲ್ಲ, ಅಲಿ ಅಂದೆ. ಊರಿನ ನೈಋತ್ಯದ ಕಡೆ ಓಣಿಯೊಳಗೆ ದಾರಿ ಕೇಳ್ತಾ ಹೋದೆವು. ಸರಳ ಕಟ್ಟಡ. ಕೆತ್ತನೆಯ ಅಬ್ಬರ ಇಲ್ಲ, ಸಿಂಹ ಇಲ್ಲ, ಡ್ರ್ಯಾಗನ್ ಇಲ್ಲ. ಪಕ್ಕದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದರು. ಬಾಲ್ ನನ್ನ ಕಾಲ ಹತ್ತಿರ ಬಂತು, ಎಸೆದೆ. ಇಲ್ಲಿ ಯಾರ ಸಮಾಧಿ ಐತಿ ಗೊತ್ತೇನು ಅಂತ ಅವರನ್ನು ಕೇಳಬೇಕು ಅನ್ನಿಸ್ತು. ಎರಡು ವಾರದ ಹಿಂದೆ ನನಗೇ ಗೊತ್ತಿರಲಿಲ್ಲವಲ್ಲ, ಅದಕ್ಕೆ ಕೇಳಲಿಲ್ಲ.

ವಾಪಸ್ ಬಂದು ಮಾಮಾಗೆ ಹೋಗಿ ಬಂದೆ ಅಂತ ಹೇಳಿದೆ. ಹ್ಯಾಂಗ ಐತಿ ಅಂತ ಕೇಳಿದ್ರು. ಸಣ್ಣದು ಅಂದೆ. ಮಾಮಾ ತಲೆ ಅಲ್ಲಾಡಿಸಿ ಒಂದು ತಾಮ್ರದ ಚರಿಗೆ ಒರೆಸೋಕೆ ಕೊಟ್ಟರು. ಚರಿಗೆಯ ಕಂಠದ ಸುತ್ತ ಸಣ್ಣ ಬಳ್ಳಿಯ ಗೆರೆ ಇತ್ತು. ಇಷ್ಟು ವರ್ಷ ಅದೇ ಅಂಗಡಿಯಲ್ಲಿ ಕೂತಿದ್ದರೂ ಆ ಗೆರೆಯನ್ನು ನಾನು ನೋಡಿದ್ದು ಅವತ್ತೇ.